ಸಾಫ್ಟ್‌ವೇರ್ ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ? ಬೆಂಗಳೂರಿಗೇ ಹೋಗಬೇಕಾ, ಶಿವಮೊಗ್ಗದಲ್ಲಿ ಮಾಡಿದರೆ ಸಾಕಾ?

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದಲ್ಲೇ ಓದಿ, ಅಲ್ಲೇ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ತಿಂಗಳು ಇಂಟರ್ನ್ ಆಗಿದ್ದೆ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದರು.

ಮೊದಲ ಎರಡು ವಾರ ನಾನು ಒಂದು ಸಾಲು ಕೋಡ್ ಕೂಡ ಬರೆಯಲಿಲ್ಲ. ಬೇರೆಯವರು ಬರೆದದ್ದನ್ನು ಓದುವುದು, ಅರ್ಥ ಆಗದಿದ್ದರೆ ಕೇಳುವುದು, ಇಷ್ಟೇ. ಕಾಲೇಜಿನಲ್ಲಿ ನಾವು ಪ್ರತಿ ಪ್ರೋಗ್ರಾಮನ್ನೂ ಖಾಲಿ ಫೈಲಿನಿಂದ ಶುರು ಮಾಡುತ್ತೇವೆ, ಅಲ್ವಾ? ಇಲ್ಲಿ ಆಗಲೇ ಸಾವಿರಾರು ಸಾಲು ಇರುತ್ತದೆ, ಬರೆದವರಲ್ಲಿ ಕೆಲವರು ಕೆಲಸ ಬಿಟ್ಟು ಹೋಗಿರುತ್ತಾರೆ. ಆಮೇಲೆ ಸಿಕ್ಕ ಮೊದಲ ಕೆಲಸ ಬಿಲ್ಲಿನಲ್ಲಿ 'ಗೊರಬಲು' (ಅಡಿಕೆಯಲ್ಲಿ ಒಂದು ಬಗೆ) ಅನ್ನುವುದು ತಪ್ಪಾಗಿ ಪ್ರಿಂಟ್ ಆಗುತ್ತಿದ್ದದ್ದನ್ನು ಸರಿ ಮಾಡುವುದು. ಒಂದು ಪದ ಬದಲಿಸಲು ಇಡೀ ದಿನ ಹಿಡಿಯಿತು.

ನಾನು ನಿಜವಾಗಿ ಕಲಿತದ್ದು ಒಂದು ಪೈಸೆ ಲೆಕ್ಕದಿಂದ. ಸಂಜೆ ಒಟ್ಟು ಮೊತ್ತ ನೋಡಿದರೆ ಮಂಡಿಯವರು ಬಿಲ್ಲುಗಳನ್ನು ಕೂಡಿಸಿದ್ದಕ್ಕೂ ನಮ್ಮ ಸಾಫ್ಟ್‌ವೇರ್ ತೋರಿಸಿದ್ದಕ್ಕೂ ಕೆಲವು ಪೈಸೆ ವ್ಯತ್ಯಾಸ. ಎರಡು ದಿನ ಹುಡುಕಿದೆ. 53.45 ಕೆಜಿಗೆ ಕ್ವಿಂಟಾಲಿಗೆ 48,755 ರೂಪಾಯಿಯಂತೆ ಹಿಡಿದರೆ 26,059.5475 ಬರುತ್ತದೆ. ಬಿಲ್ಲಿನಲ್ಲಿ 26,059.55 ಎಂದು ಪ್ರಿಂಟ್ ಆಗುತ್ತಿತ್ತು, ಆದರೆ ಒಟ್ಟು ಮಾಡುವಾಗ ಒಳಗೆ ಆ ಉದ್ದದ ಸಂಖ್ಯೆಯನ್ನೇ ಕೂಡಿಸುತ್ತಿತ್ತು. ಪ್ರತಿ ಬಿಲ್ಲನ್ನೂ ಮೊದಲೇ ಪೈಸೆಗೆ ಸರಿಮಾಡಿ, ರೂಪಾಯಿ ಬದಲು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಂಡೆವು. ಸರಿಹೋಯಿತು. ಇದನ್ನು ನೋಡಲು ಮಂಡಿಗೇ ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರು, "ಹತ್ತು ಪೈಸೆ ಅಂತ ಸುಮ್ನೆ ಬಿಡಬೇಡ ಮಾರಾಯ, ಲೆಕ್ಕ ಒಂದ್ಸಲ ತಪ್ಪಿದ್ರೆ ಬೆಳೆಗಾರರು ಮತ್ತೆ ಈ ಬಿಲ್ಲನ್ನೇ ನಂಬಲ್ಲ" ಅಂದರು. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಕೂತಿದ್ದರೆ ಆ ಮಾತು ನನ್ನ ಕಿವಿಗೆ ಬೀಳುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಅದಕ್ಕೇ ಊರು ಯಾವುದು ಅಂತ ಜಾಸ್ತಿ ಯೋಚಿಸಬೇಡಿ. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ನಾನು ಬರೆದ ಕೋಡನ್ನು ಯಾರು ಓದಿ ತಿದ್ದುತ್ತಾರೆ? ಅದನ್ನು ಯಾರು ಬಳಸುತ್ತಾರೆ? ನನ್ನ ಆ ಪೈಸೆ ಕೋಡಿಗೆ ಸೀನಿಯರ್ ಹದಿನೇಳು ಕಾಮೆಂಟ್ ಹಾಕಿದ್ದರು. ಆ ರಾತ್ರಿ ಬೇಜಾರಾಗಿತ್ತು, ಆದರೆ ನಾಲ್ಕು ತಿಂಗಳಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಸಿಗಲಿಲ್ಲ. ಅದಕ್ಕೂ ಮುಂಚೆ ದುಡ್ಡು ಕಟ್ಟಿ ಒಂದು ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದ್ದೆ. ಮೂರು ವಿಡಿಯೋ, ಒಂದು ಸರ್ಟಿಫಿಕೇಟ್, ಅಷ್ಟೇ. ದಯವಿಟ್ಟು ಅಂಥದ್ದಕ್ಕೆ ಅಪ್ಪ ಅಮ್ಮನ ದುಡ್ಡು ಹಾಕಬೇಡಿ.

ಜುಲೈನಲ್ಲಿ ಊರಿಂದಲೇ ಕೆಲಸ ಮಾಡುತ್ತಿದ್ದಾಗ ಮಳೆಗೆ ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಉಳಿಸಿದ್ದು ಗಿಟ್, ಅಂದರೆ ಕೋಡಿನಲ್ಲಿ ಮಾಡಿದ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕೆಲಸಕ್ಕಾಗಿ ಮಾಡಿದ್ದು ಅದು. ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ಅದರಲ್ಲಿ ದಾಖಲಿಸಲು, ನೆಟ್ ಬೇಕಿಲ್ಲ, ಎಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ಬರೆದು, ಮೂರನೇ ದಿನ ಪೇಟೆಗೆ ಬಂದು ಪುಶ್ ಮಾಡಿದೆ, ಅಂದರೆ ನೆಟ್ ಮೂಲಕ ಕಂಪನಿಯ ಕೋಡಿಗೆ ಕಳಿಸಿದೆ. ಸೇರುವ ಮೊದಲೇ ಗಿಟ್ ಕಲಿತುಕೊಳ್ಳಿ, ಒಂದು ವಾರ ಸಾಕು.

ಇನ್ನೊಂದು, ಇವತ್ತೇ ಮಾಡಿ ನೋಡಿ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಕನ್ಸೋಲ್‌ನಲ್ಲಿ 0.1 + 0.2 ಅಂತ ಹಾಕಿ. 0.30000000000000004 ಬರುತ್ತದೆ. ಯಾಕೆ ಅಂತ ನೀವೇ ಹುಡುಕಿ, ಸಿಗದಿದ್ದರೆ ಇಲ್ಲೇ ಕೇಳಿ, ಹೇಳುತ್ತೇನೆ.