ಚಿತ್ರದ ಪುಸ್ತಕ ಆಯ್ತು, ಇನ್ನು ಪತ್ತೇದಾರಿ ಕಥೆ ಕೊಡ್ಬಹುದಾ?

ಪ್ರಶ್ನೆ: ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಚಿತ್ರದ ಪುಸ್ತಕ ಎಷ್ಟು ತಂದ್ರೂ ಸಾಲುದಿಲ್ಲ, ಆದ್ರೆ ಅಧ್ಯಾಯ ಇರುವ ಪುಸ್ತಕ ಕೊಟ್ರೆ ಎರಡು ಪುಟಕ್ಕೇ ಬಿಟ್ಬಿಡ್ತಾಳೆ. ಕಳ್ಳನನ್ನು ಹುಡುಕುವ ಕಥೆ ಅಂದ್ರೆ ಪ್ರಾಣ. ಯಾವ ಸೀರೀಸಿಂದ ಸುರು ಮಾಡುದು? – ಓದುಗರೊಬ್ಬರು, ಉಡುಪಿ

ಉತ್ತರ: ಕಳ್ಳನನ್ನು ಹುಡುಕುವ ಕಥೆ ಇಷ್ಟ ಅಂತಾದ್ರೆ ನಿಮ್ಮ ಅರ್ಧ ಕೆಲಸ ಆಯ್ತು. ಮಂಗಳೂರಿನ ಶಾಲೆಯೊಂದರ ಲೈಬ್ರರಿಯಲ್ಲಿ ನಾನು ನೋಡಿದ ಹಾಗೆ ಈ ಪ್ರಾಯದ ಮಕ್ಕಳು ಪುಸ್ತಕ ಬಿಡುದು ಓದ್ಲಿಕ್ಕೆ ಬಾರದೆ ಅಲ್ಲ, ಚಿತ್ರದ ಪುಸ್ತಕ ಕೂತಲ್ಲೇ ಮುಗೀತದೆ, ಅಧ್ಯಾಯದ ಪುಸ್ತಕ ಇವತ್ತು ಮುಚ್ಚಿಟ್ಟು ನಾಳೆ ಮತ್ತೆ ತೆಗೀಬೇಕು, ಹಾಗೆ ತೆಗೀಲಿಕ್ಕೆ ಒಂದು ಕಾರಣ ಬೇಕಲ್ವಾ. "ಯಾರು ಕದ್ದದ್ದು?" ಅನ್ನುವ ಪ್ರಶ್ನೆಯೇ ಆ ಕಾರಣ. ಸೀರೀಸ್ ಆದ್ರೆ ಎರಡನೇ ಪುಸ್ತಕಕ್ಕೆ ಎಲ್ಲರೂ ಗುರ್ತದವರು, ಮಗುವಿನ ಗಮನ ಪೂರ್ತಿ ಸುಳಿವಿನ ಮೇಲೇ ಇರ್ತದೆ.

ಸುರುವಿಗೆ ನೇಟ್ ದ ಗ್ರೇಟ್ ಸೀರೀಸ್ ಕೊಡಿ, ನೇಟ್ ಅಂದ್ರೆ ಪತ್ತೇದಾರಿ ಮಾಡುವ ಹುಡುಗ. ಮೊದಲನೇದು 1972ರಲ್ಲಿ ಬಂದದ್ದು, ಮಾರ್ಜರಿ ಶಾರ್ಮಟ್ ಬರೆದದ್ದು. ಸಣ್ಣ ಸಣ್ಣ ವಾಕ್ಯ, ಪುಟಪುಟಕ್ಕೂ ಚಿತ್ರ, ಮೊದಲನೇ ಪುಸ್ತಕದಲ್ಲಿ ಹುಡುಗಿಯೊಬ್ಬಳು ಬಿಡಿಸಿದ ನಾಯಿಯ ಚಿತ್ರ ಕಾಣೆಯಾಗಿರ್ತದೆ ಅಷ್ಟೇ, ಕೊಲೆ ರಕ್ತ ಎಂತದ್ದೂ ಇಲ್ಲ. ರಾತ್ರಿ ಹೆದರುವ ಮಕ್ಕಳಿಗೆ ಕಳೆದುಹೋದ ಸಾಮಾನಿನ ಪತ್ತೇದಾರಿಯೇ ಒಳ್ಳೇದು. ಅದು ಸಲೀಸಾದ ಮೇಲೆ ಕ್ಯಾಮ್ ಜಾನ್ಸೆನ್. ಈ ಹುಡುಗಿ ಕಣ್ಣು ಮುಚ್ಚಿ "ಕ್ಲಿಕ್" ಅಂದ್ರೆ ನೋಡಿದ್ದೆಲ್ಲ ಫೋಟೋ ತೆಗೆದ ಹಾಗೆ ನೆನಪಾಗ್ತದೆ, ನಮ್ಮ ಮಕ್ಕಳೂ ಓದ್ತಾ ಓದ್ತಾ ಕ್ಲಿಕ್ ಅನ್ಲಿಕ್ಕೆ ಸುರು ಮಾಡ್ತಾರೆ, ಹಿಂದಿನ ಪುಟಕ್ಕೆ ಹೋಗಿ ಚಿತ್ರ ಪರೀಕ್ಷೆ ಮಾಡ್ತಾರೆ. ಹಾಗೆ ತಾವಾಗಿ ಹಿಂದೆ ಹೋಗಿ ಓದುದನ್ನು ಯಾವ ಟ್ಯೂಷನ್ನೂ ಕಲಿಸುದಿಲ್ಲ ನೋಡಿ, ನನಗೆ ಅದನ್ನು ಕಂಡ್ರೆ ತುಂಬಾ ಖುಷಿ.

ಆಮೇಲೆ ಎ ಟು ಝಡ್ ಮಿಸ್ಟರೀಸ್, ಅಕ್ಷರಕ್ಕೊಂದರ ಹಾಗೆ 26 ಪುಸ್ತಕ. ಸೀಕ್ರೆಟ್ ಸೆವೆನ್ ಈಗ್ಲೇ ಬೇಡ, ಅಪ್ಪ ಅಮ್ಮ ನಾವು ಓದಿದ್ದು ಅಂತ ಅದನ್ನೇ ಮೊದಲು ತರ್ತಾರೆ, ಆದ್ರೆ ಚಿತ್ರ ಕಮ್ಮಿ, ಪುಟ ಜಾಸ್ತಿ, ಹೆಸರು ನೆನಪಿಡ್ಬೇಕಾದ ಮಕ್ಕಳೇ ಏಳು ಜನ. ಒಂದು ವರ್ಷ ಕಾಯಿರಿ.

ಕನ್ನಡದಲ್ಲಿ ಈ ಮೆಟ್ಟಿಲಿಗೆ ಸರಿಯಾದ ಪತ್ತೇದಾರಿ ಸೀರೀಸ್ ಕೈಗೆ ಸಿಗುದು ಕಷ್ಟ, ನನಗೆ ಅದೇ ಬೇಜಾರು. ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಲ್ಲಿ ಕನ್ನಡ ಕಥೆಗಳು ಫ್ರೀ ಉಂಟು, ನಾಲ್ಕು ಹಂತ ಮಾಡಿದ್ದಾರೆ, ಮೂರನೇದು ನಾಲ್ಕನೇದು ನೋಡಿ. ಇಂಗ್ಲಿಷ್ ಪುಸ್ತಕ ಓದಿ ಕಥೆಯನ್ನು ಮನೆಮಾತಲ್ಲಿ ಹೇಳಿದ್ರೂ ಆಗ್ತದೆ, ತುಳುವೋ ಕೊಂಕಣಿಯೋ ಬ್ಯಾರಿಯೋ, ಸುಳಿವು ಯಾವ ಭಾಷೆಯಲ್ಲಿ ಸಿಕ್ಕಿದ್ರೂ ಸುಳಿವೇ.

ಮತ್ತೆ ಒಂದು ಉಪಾಯ. ಜೋರು ಮಳೆಗೆ ಡಿಸಿ ರಜೆ ಕೊಟ್ಟ ದಿನ ಮೊದಲನೇ ಅಧ್ಯಾಯ ನೀವೇ ಜೋರಾಗಿ ಓದಿ, ಸುಳಿವು ಸಿಗುವ ಜಾಗದಲ್ಲಿ ನಿಲ್ಲಿಸಿ, ಪುಸ್ತಕ ಅವಳ ಕೈಗೆ ಸಿಗುವ ಹಾಗೆ ಅಲ್ಲೇ ಇಟ್ಟು ಒಳಗೆ ಹೋಗಿ. ಓದಿದ ಮೇಲೆ "ಎಂತ ಕಲಿತೆ" ಅಂತ ಕೇಳ್ಬೇಡಿ, "ನಿಂಗೆ ಯಾರ ಮೇಲೆ ಡೌಟು?" ಅಂತ ಕೇಳಿ.