ಟೊಮೆಟೊ ಎಲೆಯ ಘಾಟು ಔಷಧಿಯದ್ದಲ್ಲ

ಟೊಮೆಟೊ ಕುಡಿ ಚಿವುಟಿದರೆ ಕೈಗೆ ಘಾಟು ವಾಸನೆ, ಹಳದಿ-ಹಸಿರು ಜಿಡ್ಡು ಅಂಟುತ್ತದೆ, ನರ್ಸರಿಯವರು ಔಷಧಿ ಹೊಡೆದಿರಬಹುದೇ ಎಂದು ಕೇಳಿದ್ದೀರಿ. ಈ ವಾಸನೆ ಗಿಡದ್ದೇ. ಮನೆಯಲ್ಲಿ ಹೊಸದಾಗಿ ಬಂದ ಚಿಗುರನ್ನು ಸವರಿ ನೋಡಿ, ಅದರಲ್ಲೂ ಇರುತ್ತದೆ.

ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬಲು ಚೆಂದ! ಕೆಲವು ರೋಮಗಳ ತುದಿಯಲ್ಲಿ ನಾಲ್ಕು ಜೀವಕೋಶಗಳ ಗುಂಡುತಲೆ ಇರುತ್ತದೆ. ಟರ್ಪೀನ್ ಎಂಬ ವಾಸನೆಯ ರಾಸಾಯನಿಕಗಳು ತಯಾರಾಗುವುದು, ಶೇಖರವಾಗುವುದು ಎರಡೂ ಅಲ್ಲೇ. ನಾವು ಬೆಳೆಯುವ ಟೊಮೆಟೊದಲ್ಲಿ ಮುಖ್ಯವಾದದ್ದು ಬೀಟಾ-ಫೆಲ್ಯಾಂಡ್ರೀನ್. ಬೆರಳು ತಗುಲಿದರೆ ಸಾಕು, ಆ ತಲೆ ಒಡೆಯುತ್ತದೆ. ಎಲೆ ತಿನ್ನಲು ಬರುವ ಪುಟ್ಟ ಹುಳುವಿಗೂ ಇದೇ ಸ್ವಾಗತ.

ಎಲೆ ಹರಿದಾಗ ಬರುವ ಹಸಿಹುಲ್ಲಿನ ವಾಸನೆ ಬೇರೆಯದು. ಅದು ಮೊದಲೇ ಕೂಡಿಟ್ಟದ್ದಲ್ಲ. ಕೋಶ ಒಡೆದ ಕೆಲವೇ ಕ್ಷಣಗಳಲ್ಲಿ ಕಿಣ್ವಗಳು ಎಲೆಯಲ್ಲಿರುವ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಂಶವನ್ನು ತುಂಡರಿಸಿ, ಈ ವಾಸನೆ ಕೊಡುವ ಹೆಕ್ಸೆನಲ್ ಎಂಬ ರಾಸಾಯನಿಕ ಮಾಡುತ್ತವೆ.

ಕರಿಬೇವಿನಲ್ಲಾದರೆ ಎಣ್ಣೆಯ ಗ್ರಂಥಿಗಳು ಎಲೆಯ ಒಳಗೇ ಇವೆ. ಹಾಗಾಗಿ ಬರೀ ಸವರಿದರೆ ಅಷ್ಟು ಘಮ ಬಾರದು, ಮುರಿಯಬೇಕು.

ಕೈಯ ಜಿಡ್ಡಿಗೆ ಸೋಪು ಹಚ್ಚಿ ಚೆನ್ನಾಗಿ ಉಜ್ಜಿದರಾಯಿತು.