ಮಗಳು ಕುಣಿದರೂ ಅವರ ಮುಖದಲ್ಲಿ ನಗು ಬರಲಿಲ್ಲ

ಪ್ರಶ್ನೆ: ನನಗೆ 31 ವರ್ಷ, ಗಂಡನಿಗೆ 36. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ತೋಟ ಇದೆ. ನಾಲ್ಕು ವರ್ಷದ ಹಿಂದೆ ಇವರಿಗೆ ಯಾರೋ ಬೈಯುವ ದನಿ ಕೇಳಲು ಶುರುವಾಯಿತು. ಬಾವಿಗೆ ವಿಷ ಹಾಕಿದ್ದಾರೆ ಎಂದು ಮನೆಯ ನೀರು ಮುಟ್ಟುತ್ತಿರಲಿಲ್ಲ. ಮಂಗಳೂರಿನಲ್ಲಿ ತೋರಿಸಿದೆವು. ಸ್ಕಿಜೋಫ್ರೇನಿಯಾ ಅಂದರು. ಮಾತ್ರೆಯಿಂದ ದನಿ, ಸಂಶಯ ಎಲ್ಲ ನಿಂತಿತು. ಆದರೆ ಮೊದಲಿನ ಮನುಷ್ಯ ಸಿಗಲಿಲ್ಲ. ಎಲ್ಲಿ ಯಕ್ಷಗಾನ ಆಟ ಇದ್ದರೂ ಓಡುತ್ತಿದ್ದವರು ಈಗ ಕರೆದರೆ "ಎಂತಕ್ಕೆ?" ಅನ್ನುತ್ತಾರೆ. ಅಂಗಡಿಗೆ ಮೂರು ಸಾಮಾನು ಹೇಳಿ ಕಳಿಸಿದರೆ ಒಂದು ತರುತ್ತಾರೆ. ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ ಮದ್ದಿನ ಡ್ರಮ್ಮಿನ ಹತ್ತಿರ ಸುಮ್ನೆ ನಿಂತಿದ್ದರು. ಮಾವ "ಕೂತು ತಿನ್ನುವ ಅಭ್ಯಾಸ ಆಗಿದೆ" ಎಂದು ದಿನಾ ಬೈಯುತ್ತಾರೆ. ಮೊನ್ನೆ 6 ವರ್ಷದ ಮಗಳು ಶಾಲೆಯಲ್ಲಿ ಡ್ಯಾನ್ಸ್ ಮಾಡಿದಳು. ಇವರು ಕೊನೆವರೆಗೂ ಕೂತಿದ್ದರು, ಒಂದು ಸಲವೂ ನಗಲಿಲ್ಲ. "ಅಪ್ಪನಿಗೆ ನನ್ನ ಮೇಲೆ ಕೋಪವಾ?" ಎಂದು ಮಗಳು ಕೇಳಿದಳು. ಮಾತ್ರೆಯಿಂದಲೇ ಹೀಗಾಗಿದೆ, ನಿಲ್ಲಿಸು ಎಂದು ಕೆಲವರು ಹೇಳುತ್ತಾರೆ. ತವರಿನವರು ಮಗುವನ್ನು ಕರಕೊಂಡು ಬಾ ಅನ್ನುತ್ತಿದ್ದಾರೆ. ಇವರಿಗೆ ನಮ್ಮ ಮೇಲೆ ಪ್ರೀತಿಯೇ ಹೋಗಿದೆಯಾ ಅಕ್ಕಾ? ನಾನು ಇರಲಾ, ಹೋಗಲಾ?

ಉತ್ತರ: ಪ್ರೀತಿಯ ತಂಗಿ,

ಮುಖದಲ್ಲಿ ನಗು ಕಾಣಲಿಲ್ಲ ಅಂದ ಮಾತ್ರಕ್ಕೆ ಒಳಗೆ ಖುಷಿ ಆಗಲಿಲ್ಲ ಎಂದು ತೀರ್ಮಾನ ಮಾಡಬೇಡಿ. ಈ ಕಾಯಿಲೆಯಲ್ಲಿ ಮುಖದ ಭಾವ, ದನಿಯ ಏರಿಳಿತ ತುಂಬಾ ಕಡಿಮೆಯಾಗುತ್ತದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಸಿನಿಮಾ ತುಣುಕು ತೋರಿಸಿ ಸಂಶೋಧಕರು ನೋಡಿದ್ದಾರೆ. ಬೇರೆಯವರ ಮುಖದಲ್ಲಿ ಕಂಡಷ್ಟು ಭಾವ ಇವರ ಮುಖದಲ್ಲಿ ಕಾಣಲಿಲ್ಲ. ಆದರೆ ನೋಡುವಾಗ ಏನನಿಸಿತು ಎಂದು ಕೇಳಿದರೆ, ಬೇರೆಯವರಿಗೆ ಅನಿಸಿದಷ್ಟೇ ತಮಗೂ ಅನಿಸಿತು ಎಂದು ಹೇಳಿದರು. ಜನ, ಗಲಾಟೆ, ಮೈಕಿನ ಸದ್ದು ಇವೆಲ್ಲ ಇಂಥವರಿಗೆ ದೊಡ್ಡ ಶ್ರಮ. ಅಂಥ ಕಡೆ ನಿಮ್ಮ ಗಂಡ ಕೊನೆವರೆಗೂ ಎದ್ದು ಹೋಗದೆ ಕೂತಿದ್ದರು. ನೀವು ಅದನ್ನು ದೂರಿನ ಮಧ್ಯೆ ಬರೆದಿದ್ದೀರಿ. ನನಗೆ ಅದು ಇಡೀ ಪತ್ರದಲ್ಲಿ ಅತಿ ಮುಖ್ಯವಾಗಿ ಕಂಡಿತು.

ಮಗಳಿಗೂ ಇದನ್ನೇ ಹೇಳಿ. "ಅಪ್ಪನಿಗೆ ಒಂದು ಕಾಯಿಲೆ ಇದೆ, ಅದರಿಂದ ಮುಖಕ್ಕೆ ನಗು ಬರುವುದು ಕಷ್ಟ. ನಿನ್ನ ಮೇಲೆ ಕೋಪ ಇಲ್ಲ." ಹೇಳದೆ ಬಿಟ್ಟರೆ ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಇನ್ನು ಆ "ಎಂತಕ್ಕೆ?" ಅನ್ನುವ ಮಾತು. ರಾತ್ರಿ ಆಟ ಇದೆ ಅಂದರೆ ನಮ್ಮ ಮನಸ್ಸು ಮಧ್ಯಾಹ್ನವೇ ಅಲ್ಲಿ ಹೋಗಿ ಕೂತಿರುತ್ತದೆ, ಅಲ್ವಾ? ಆ ಮುಂಚಿನ ಖುಷಿಯೇ ನಮ್ಮನ್ನು ಎಬ್ಬಿಸಿ ಹೊರಡಿಸುವುದು. ಈ ಕಾಯಿಲೆಯಲ್ಲಿ ಹೆಚ್ಚು ಪೆಟ್ಟು ಬೀಳುವುದು ಅದಕ್ಕೇ. ಎದುರಿಗೆ ಬಂದಾಗ ಸಿಗುವ ಖುಷಿ ಎಷ್ಟೋ ಜನರಲ್ಲಿ ಉಳಿದಿರುತ್ತದೆ. ಹಾಗಾಗಿ "ಹೋಗುವನಾ?" ಎಂದು ಕೇಳಿದರೆ ಉತ್ತರ ಯಾವಾಗಲೂ ಬೇಡ ಎಂದೇ ಬರುತ್ತದೆ. ಕೇಳುವ ಬದಲು, "ಏಳು ಗಂಟೆಗೆ ಹೊರಡುವ. ಅಂಗಿ ತೆಗೆದಿಟ್ಟಿದ್ದೇನೆ. ಒಂದು ಗಂಟೆ ಕೂತು ಬರುವ" ಅನ್ನಿ. ಬೆಳಗಿನವರೆಗೆ ಕೂರಿಸಬೇಡಿ, ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸುವ ಭಯ ಇದೆ. ಈಗ ಕಾಲಮಿತಿಯ ಆಟಗಳಿವೆ, ಹಗಲು ತಾಳಮದ್ದಳೆಯೂ ಸಿಗುತ್ತದೆ. ಅಲ್ಲಿ ಕೂತಿರುವಾಗಲೇ "ಹಿತ ಅನಿಸ್ತದಾ?" ಎಂದು ಕೇಳಿ. ಮರುದಿನ ಕಾಫಿ ಕುಡಿಯುವಾಗ ಅದನ್ನೇ ನೆನಪಿಸಿ. ಅನುಭವಿಸಿದ ಖುಷಿ ಮನಸ್ಸಿನಲ್ಲಿ ನಿಲ್ಲದಿದ್ದರೆ ಮುಂದಿನ ಸಲಕ್ಕೆ ಅದು ನೆರವಾಗುವುದಿಲ್ಲ. ತೀರಾ ಸುಸ್ತಾಗಿದ್ದ ದಿನ ಬಿಟ್ಟುಬಿಡಿ, ಒತ್ತಾಯ ಬೇಡ.

ಡ್ರಮ್ಮಿನ ಹತ್ತಿರ ನಿಂತುಬಿಟ್ಟ ವಿಷಯ ನಿಮ್ಮ ಮಾವನಿಗೆ ಅರ್ಥವಾಗಲೇಬೇಕು. ಅಡಿಕೆಗೆ ಬಿಡುವ ಆ ಮದ್ದು, ಬೋರ್ಡೋ ದ್ರಾವಣ, ಮಾಡುವುದನ್ನು ಒಮ್ಮೆ ಬಿಡಿಸಿ ನೋಡಿ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ಯಬೇಕು, ತಿರುಗಿಸುತ್ತಾ ಇರಬೇಕು. ಹದ ನೋಡಬೇಕು. ಅಷ್ಟರಲ್ಲಿ ಮದ್ದು ಬಿಡುವ ಆಳು ಏನೋ ಕೇಳುತ್ತಾನೆ, ಅವನಿಗೂ ಉತ್ತರ ಕೊಡಬೇಕು. ಇಷ್ಟನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿಡುವ ಶಕ್ತಿ, ಗಮನ, ಮುಂದೇನು ಎಂದು ಯೋಚಿಸುವ ವೇಗ ಈ ಕಾಯಿಲೆಯಲ್ಲಿ ಕುಗ್ಗುತ್ತದೆ. ಅಂಗಡಿಯ ಮೂರು ಸಾಮಾನಿನ ಕಥೆಯೂ ಇದೇ. ದನಿ ಕೇಳುವುದಕ್ಕಿಂತ ಹೆಚ್ಚಾಗಿ ಈ ತೊಂದರೆಯೇ ಎಷ್ಟೋ ಜನರ ದುಡಿಮೆಗೆ ಅಡ್ಡ ಬರುತ್ತದೆ. ಈಗಿರುವ ಮಾತ್ರೆಗಳು ದನಿ, ಸಂಶಯಗಳನ್ನು ಚೆನ್ನಾಗಿ ತಡೆಯುತ್ತವೆ, ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಹಾಗಾಗಿ ಇದು ಸೋಮಾರಿತನ ಅಲ್ಲ. ಕಾಲು ಮುರಿದವನಿಗೆ ತೆಂಗಿನಮರ ಹತ್ತು ಎಂದು ಯಾರೂ ಬೈಯುವುದಿಲ್ಲ.

ಬೈಗುಳದಿಂದ ಬರೀ ಬೇಸರ ಆಗುತ್ತದೆ ಎಂದುಕೊಳ್ಳಬೇಡಿ, ಕಾಯಿಲೆಯೇ ಮರಳಿ ಬರಬಹುದು. ಮನೆಯವರ ಟೀಕೆಗೂ ಕಾಯಿಲೆ ಮರುಕಳಿಸುವುದಕ್ಕೂ ಇರುವ ನಂಟಿನ ಬಗ್ಗೆ ಲಂಡನ್ನಿನಲ್ಲಿ ಶುರುವಾದ ಅಧ್ಯಯನ ನಮ್ಮ ಚಂಡೀಗಢದಲ್ಲೂ ನಡೆಯಿತು. ಚಂಡೀಗಢದ ಮನೆಗಳಲ್ಲಿ ಟೀಕೆಯ ಮಾತು ಕಡಿಮೆ ಇತ್ತು, ಕಾಯಿಲೆ ಮರುಕಳಿಸಿದ್ದೂ ಲಂಡನ್ನಿಗಿಂತ ಕಡಿಮೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾವನನ್ನೂ ಕರಕೊಂಡು ಹೋಗಿ. ಸೊಸೆ ಹೇಳಿದರೆ ಕೇಳದವರು ಡಾಕ್ಟರು ಹೇಳಿದರೆ ಕೇಳುತ್ತಾರೆ.

ಮನೆಯಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡಿ. ಸಾಮಾನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಅಂಗಳದಲ್ಲಿ ಒಣಗಿದ ಅಡಿಕೆ ರಾಶಿ ಮಾಡುವ ಕೆಲಸ ದಿನಾ ಒಂದೇ ಹೊತ್ತಿಗೆ ಇರಲಿ. ಮಾಡಿ ಮುಗಿಸಿದಾಗ "ಆಯ್ತಲ್ಲ, ಒಳ್ಳೆದಾಯ್ತು" ಅನ್ನಿ. ದಿನಾ ನಡೆದಾಡಿಸಿ, ವ್ಯಾಯಾಮದಿಂದ ಗಮನ ಸ್ವಲ್ಪ ಸುಧಾರಿಸುತ್ತದೆ. ಗಮನ, ನೆನಪುಗಳಿಗೆಂದೇ ತರಬೇತಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಮೇಲೆ ಕೆಲಸ ನಡೆದಿದೆ. ನಿಮಗೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಡಾಕ್ಟರನ್ನೇ ಕೇಳಿ.

ಮಾತ್ರೆ ನಿಲ್ಲಿಸಬೇಡಿ. ಯಾರು ಹೇಳಿದರೂ ನಿಲ್ಲಿಸಬೇಡಿ. ಬಾವಿಯ ನೀರು ಮುಟ್ಟದಿದ್ದ ದಿನಗಳು ನಿಮಗೇ ನೆನಪಿವೆ. ಆದರೆ ನಿಲ್ಲಿಸು ಅನ್ನುವವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಡೋಸ್ ಜಾಸ್ತಿಯಾದರೆ ಮಂಪರು, ಜಡತನ ಬರುತ್ತದೆ. ಕೈ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಕೆಲವರ ನೆನಪಿನ ಶಕ್ತಿಯನ್ನು ಇನ್ನೂ ಕುಗ್ಗಿಸುತ್ತದೆ. ಜೊತೆಗೆ ಖಿನ್ನತೆ ಇದ್ದರೂ, ಥೈರಾಯ್ಡ್ ಅಥವಾ ಬಿ12 ಕಡಿಮೆ ಇದ್ದರೂ ಮನುಷ್ಯ ಹೀಗೇ ಕಾಣುತ್ತಾನೆ, ಅವಕ್ಕೆಲ್ಲ ಚಿಕಿತ್ಸೆ ಇದೆ. "ದನಿ ನಿಂತಿದೆಯಾ?" ಎಂಬ ಪ್ರಶ್ನೆಗೆ ಹೌದು ಎಂದು ಹೇಳಿ ಎದ್ದು ಬರಬೇಡಿ. ನನಗೆ ಬರೆದದ್ದನ್ನೆಲ್ಲ, ಅಂಗಡಿಯದ್ದು, ಡ್ರಮ್ಮಿನದ್ದು, ಶಾಲೆಯದ್ದು, ಹಾಗೇ ಡಾಕ್ಟರಿಗೂ ಹೇಳಿ.

ಅವರ ಬಾಯಲ್ಲಿ "ಇದ್ದು ಎಂತಕ್ಕೆ" ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು. ಭಾಷೆ ಆರಿಸುವಾಗ ಕನ್ನಡ ಕೇಳಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ನಮ್ಮ ಭಾಷೆಯೇ ಬೇಕು. ಗಡಿಯಲ್ಲಿರುವ ನಮಗೆ ಇದು ಸಣ್ಣ ಸಂಗತಿ ಅಲ್ಲ. ಮಂಗಳೂರಿಗೆ ಓಡಾಡುವುದು ಭಾರವಾದರೆ, ಕೇರಳದ ಎಲ್ಲ ಜಿಲ್ಲೆಗಳ ಹಾಗೆ ಕಾಸರಗೋಡಿನಲ್ಲೂ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಕ್ಲಿನಿಕ್ ಯಾವ ದಿನ, ಎಲ್ಲಿ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇರಲಾ, ಹೋಗಲಾ ಎಂದು ಕೇಳಿದ್ದೀರಿ. ಅವರು ಪೂರ್ತಿ ಮೊದಲಿನಂತೆ ಆಗುತ್ತಾರೆ ಎಂದು ನಾನು ಮಾತು ಕೊಡಲಾರೆ. ಸ್ವಲ್ಪ ಸ್ವಲ್ಪವೇ ಸುಧಾರಿಸುವವರಿದ್ದಾರೆ, ಅಷ್ಟಾಗಿ ಸುಧಾರಿಸದವರೂ ಇದ್ದಾರೆ. ಮಾತಿಗೆ ಮಾತು, ನಗುವಿಗೆ ನಗು ಬೇಕು ಅನ್ನುವ ನಿಮ್ಮ ಆಸೆ ಸ್ವಾರ್ಥ ಅಲ್ಲ. ನಾಲ್ಕು ವರ್ಷದಿಂದ ಒಬ್ಬರೇ ಹೊತ್ತು ದಣಿದಿದ್ದೀರಿ. ತವರಿಗೆ ಹೋಗಿ ಒಂದು ವಾರ ಇದ್ದು ಬನ್ನಿ. ಅದು ಬಿಟ್ಟು ಹೋದ ಹಾಗೆ ಅಲ್ಲ. ಆ ವಾರ ಮಾತ್ರೆ ಕೊಡುವ ಜವಾಬ್ದಾರಿ ಯಾರದ್ದು ಎಂದು ಮೊದಲೇ ಗೊತ್ತುಮಾಡಿ, ಗಂಡನಿಗೂ ವಾಪಸ್ ಬರುವ ದಿನ ಹೇಳಿ ಹೋಗಿ. ದೊಡ್ಡ ತೀರ್ಮಾನ ಮಾತ್ರ ಈಗ ಬೇಡ. ಮಾತ್ರೆಗಳನ್ನು ಡಾಕ್ಟರು ಮತ್ತೊಮ್ಮೆ ಪರಿಶೀಲಿಸಲಿ, ಮಾವನ ಬೈಗುಳ ನಿಲ್ಲಲಿ, ಈ ಸಣ್ಣ ಕೆಲಸಗಳನ್ನು ಕೆಲವು ತಿಂಗಳು ಮಾಡಿ ನೋಡಿ. ಆಮೇಲೂ ಹೋಗಬೇಕು ಅನಿಸಿದರೆ ನನಗೆ ಮತ್ತೆ ಬರೆಯಿರಿ. ಆಗಲೂ ನಿಮ್ಮನ್ನು ತಪ್ಪು ಎಂದು ಹೇಳುವುದಿಲ್ಲ.